ಸಾಲ ಮಾಡಿ ಎಣ್ಣೆ ಬಿಟ್ಟ ಪ್ರಸಂಗ: ಒಂದು ಏರ್ ಫ್ರೈಯರಿನ ವರ್ಷದ ಲೆಕ್ಕಪತ್ರ

ನಾನು ಹುಡುಕಲು ಹೊರಟದ್ದು ಪ್ರೆಷರ್ ಕುಕ್ಕರಿನ ರಬ್ಬರನ್ನು. 2024ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರ, ಹಬ್ಬದ ಮಾರಾಟ ಆರಂಭವಾಗಿದ್ದ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಐದು ಲೀಟರಿನ ಕುಕ್ಕರಿಗೆ ಹೊಂದುವ ನೂರಿಪ್ಪತ್ತು ರೂಪಾಯಿಯ ರಬ್ಬರೊಂದನ್ನು ತರಿಸಲು ಹೇಳಿ ಮಲಗಿಬಿಡೋಣವೆಂದು ಮೊಬೈಲನ್ನು ಕೈಗೆತ್ತಿಕೊಂಡವಳು, ನಲವತ್ತು ನಿಮಿಷಗಳ ನಂತರ, ಬಿಸಿಗಾಳಿಯಲ್ಲೇ ತಿಂಡಿ ಕರಿಯುತ್ತದೆಂಬ 4.2 ಲೀಟರಿನ ಏರ್ ಫ್ರೈಯರ್ ಒಂದರ ಒಡತಿಯಾಗಿ ದೀಪ ಆರಿಸಿದೆ. ರಬ್ಬರು ಮರೆತೇ ಹೋಗಿತ್ತು. ಅದನ್ನು ಮರುದಿನ ಸಂಜೆ ಶಿವಮೊಗ್ಗದ ಗಾಂಧಿ ಬಜಾರಿನ ಪಾತ್ರೆ ಅಂಗಡಿಯಲ್ಲಿ ಕೊಂಡೆ. ಅಂಗಡಿಯವರು ಹಳೆಯ ರಬ್ಬರನ್ನು ಕೈಯಲ್ಲಿ ಹಿಡಿದು ನೋಡಿ, ಸರಿಯಾದ ಅಳತೆಯದನ್ನು ಕೊಟ್ಟು, ಮತ್ತೇನಾದರೂ ಬೇಕೇ ಎಂದು ಒಂದೇ ಒಂದು ಸಲ ಕೇಳಿ ಸುಮ್ಮನಾದರು.

ಯಂತ್ರ ಮನೆಗೆ ಬಂದು ವರ್ಷ ದಾಟಿದೆ, ವಾರಂಟಿಯೂ ಮುಗಿದಿದೆ. ಆದ್ದರಿಂದ ಈಗ ಅದರ ಬಗ್ಗೆ ನಿರ್ಭಯವಾಗಿ ಬರೆಯಬಹುದು. ಇಲ್ಲಿ ವಿಮರ್ಶೆಗೆ ಒಳಗಾಗುವ ಸರಕುಗಳು ಎರಡು: ಒಂದು ಆ ಯಂತ್ರ, ಇನ್ನೊಂದು ಅದನ್ನು ಕೊಂಡದ್ದಕ್ಕೆ ನಾನು ನನಗೇ ಕೊಟ್ಟುಕೊಂಡ ಕಾರಣಗಳು. ನಾನು ಬ್ಯಾಂಕಿನ ಉದ್ಯೋಗಿ. ಹತ್ತೊಂಬತ್ತು ವರ್ಷಗಳಿಂದ ಜನರ ಸಾಲದ ಅರ್ಜಿಗಳಲ್ಲಿ ‘ಸಾಲದ ಉದ್ದೇಶ’ ಎಂಬ ಕಾಲಂ ಓದುತ್ತಾ ಬಂದವಳು. ಮನೆ ದುರಸ್ತಿ ಎಂದು ಬರೆದದ್ದು ಮಗಳ ಮದುವೆಯೆಂದೂ, ಹಸು ಖರೀದಿ ಎಂದು ಬರೆದದ್ದು ಬೈಕೆಂದೂ ಅಕ್ಷರದ ಓಲಾಟದಲ್ಲೇ ಗುರುತಿಸಬಲ್ಲೆನೆಂಬ ಜಂಬ ನನಗಿದೆ. ಆದರೆ ಆ ರಾತ್ರಿ ನನ್ನದೇ ಅರ್ಜಿ ನನ್ನ ಮುಂದೆ ಬಂದಾಗ, ಒಂದು ಪ್ರಶ್ನೆಯನ್ನೂ ಕೇಳದೆ ಮಂಜೂರು ಮಾಡಿದೆ.

ಮೊದಲು ಬೆಲೆಯ ವಿಷಯ. ಪರದೆಯ ಮೇಲೆ 11,995 ರೂಪಾಯಿ ಎಂದು ಬರೆದು ಅದರ ಮೇಲೊಂದು ಗೆರೆ ಎಳೆದು, ಕೆಳಗೆ ದಪ್ಪಕ್ಷರದಲ್ಲಿ 4,499 ಎಂದು ತೋರಿಸಿದ್ದರು. ಪಕ್ಕದಲ್ಲಿ ಶೇಕಡ 62 ಕಡಿತ ಎಂಬ ಹಸಿರು ಪಟ್ಟಿ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯನ್ನು ಮೀರಿ ಮಾರಬಾರದು ಎಂದು ನಮ್ಮ ಕಾನೂನು ಹೇಳುತ್ತದೆಯೇ ಹೊರತು, ಆ ಬೆಲೆಗೆ ಯಾರಾದರೂ ಎಂದಾದರೂ ಕೊಂಡಿರಬೇಕು ಎಂದೇನೂ ಹೇಳುವುದಿಲ್ಲ. ಆದ್ದರಿಂದ ಗೆರೆ ಎಳೆಸಿಕೊಳ್ಳುವುದಕ್ಕಾಗಿಯೇ ಹುಟ್ಟಿದ ಸಂಖ್ಯೆಗಳೂ ಲೋಕದಲ್ಲಿವೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ, 4,499 ರೂಪಾಯಿ ಖರ್ಚು ಮಾಡುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ. 7,496 ರೂಪಾಯಿ ಸಂಪಾದಿಸುತ್ತಿದ್ದೇನೆ ಎಂದು ಅನ್ನಿಸಿತು. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಈ ಸುಖಕ್ಕೆ ಬಹಳ ಹಿಂದೆಯೇ ಹೆಸರಿಟ್ಟಿದ್ದಾರೆ: ವಸ್ತುವಿನಿಂದ ಸಿಗುವ ಪ್ರಯೋಜನ ಬೇರೆ, ವ್ಯವಹಾರ ಲಾಭದ್ದಾಯಿತೆಂಬ ತೃಪ್ತಿ ಬೇರೆ, ಎರಡನೆಯದರ ಆಸೆಗೆ ಮೊದಲನೆಯದೇ ಇಲ್ಲದ ವಸ್ತುಗಳನ್ನೂ ಮನುಷ್ಯ ಕೊಳ್ಳುತ್ತಾನೆ. ನಮ್ಮ ಮನೆಯ ಅಟ್ಟದ ಮೇಲೆ ಈ ಸಿದ್ಧಾಂತಕ್ಕೆ ಸಾಕ್ಷಿಯಾಗಿ ಒಂದು ಕಾಲಿನ ಮಸಾಜು ಯಂತ್ರ, ಒಂದು ಪಾಪ್‌ಕಾರ್ನ್ ಯಂತ್ರ ಮತ್ತು ಬ್ಯಾಟರಿಯಿಂದ ತಿರುಗುವ ಒಂದು ಮಜ್ಜಿಗೆ ಕಡೆಗೋಲು ಇವೆ.

ಬೆಲೆಯ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಒಂದು ಬ್ಯಾಂಕಿನ ಕಾರ್ಡು ಬಳಸಿದರೆ ಇನ್ನೂ ಶೇಕಡ 10 ಕಡಿತ ಸಿಗುತ್ತಿತ್ತು, ಆದರೆ ಬುಟ್ಟಿಯ ಮೊತ್ತ ಕನಿಷ್ಠ 5,000 ರೂಪಾಯಿ ಇರಬೇಕಿತ್ತು. ನನ್ನ ಬುಟ್ಟಿಯಲ್ಲಿ ಇದ್ದದ್ದು 4,499. ಇಂಥ ಕಡೆ ಬುದ್ಧಿವಂತರು ಬಿಟ್ಟು ಎದ್ದುಬಿಡುತ್ತಾರೆ. ಲೆಕ್ಕ ಬಲ್ಲವರು ಮಾತ್ರ ಹಳ್ಳಕ್ಕೆ ಬೀಳುತ್ತಾರೆ. 349 ರೂಪಾಯಿಯ ಎಣ್ಣೆ ಸಿಂಪಡಿಸುವ ಬಾಟಲಿ ಒಂದನ್ನೂ, 299 ರೂಪಾಯಿಯ ಸಿಲಿಕಾನ್ ತಟ್ಟೆ ಒಂದನ್ನೂ ಸೇರಿಸಿ 5,147 ಮಾಡಿದೆ. ಕಡಿತ 514 ರೂಪಾಯಿ 70 ಪೈಸೆ, ಕೊಡಬೇಕಾದದ್ದು 4,632 ರೂಪಾಯಿ 30 ಪೈಸೆ. ಅಂದರೆ ಐನೂರು ಉಳಿಸಲು ನೂರಮೂವತ್ತಮೂರು ರೂಪಾಯಿ ಹೆಚ್ಚಿಗೆ ಕೊಟ್ಟೆ. ಎಣ್ಣೆ ಸಿಂಪಡಿಸುವ ಬಾಟಲಿಯ ಮೂತಿ ಎರಡೇ ವಾರದಲ್ಲಿ ಜಿಡ್ಡುಗಟ್ಟಿ ಮುಚ್ಚಿಕೊಂಡಿತು. ಬಿಸಿನೀರಿನಲ್ಲಿ ನೆನೆಸಿ ತೊಳೆದ ಮೇಲೆ ಈಗ ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸಲು ಬಳಕೆಯಾಗುತ್ತಿದ್ದು, ಈ ಇಡೀ ಖರೀದಿಯಲ್ಲಿ ದಿನನಿತ್ಯ ಕೆಲಸಕ್ಕೆ ಬರುವ ವಸ್ತು ಅದೊಂದೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನು ಪಾವತಿಯ ರೀತಿ. ಆರು ತಿಂಗಳ ‘ನೋ ಕಾಸ್ಟ್ ಇಎಂಐ’ ಎಂಬ ಆಯ್ಕೆ ಎದುರಿಗಿತ್ತು. ಕೌಂಟರಿಗೆ ಬರುವ ಗ್ರಾಹಕರಿಗೆ ಅದರ ಒಳಗುಟ್ಟನ್ನು ನಾನೇ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿದೆ. ಹಾಗಾಗಿ ಈಗ ಬಡ್ಡಿಯಷ್ಟೇ ಮೊತ್ತವನ್ನು ಮಾರುವವರು ಮೊದಲೇ ಬೆಲೆಯಲ್ಲಿ ಇಳಿಸುತ್ತಾರೆ, ಬ್ಯಾಂಕು ಕಂತಿನಲ್ಲಿ ಆ ಬಡ್ಡಿಯನ್ನು ವಸೂಲು ಮಾಡುತ್ತದೆ. ಆದರೆ ಆ ಬಡ್ಡಿಯ ಮೇಲಿನ ಶೇಕಡ 18 ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ಕೊಳ್ಳುವವರ ತಲೆಯ ಮೇಲೆಯೇ ಬೀಳುತ್ತವೆ. ನನ್ನ ವಿಷಯದಲ್ಲಿ ಅದು 199 ರೂಪಾಯಿ ಶುಲ್ಕ, ಅದರ ಮೇಲಿನ ತೆರಿಗೆ, ಬಡ್ಡಿಯ ಮೇಲಿನ ತೆರಿಗೆ ಎಲ್ಲ ಸೇರಿ 272 ರೂಪಾಯಿಯ ಆಸುಪಾಸು ಆಯಿತು. ಉಳಿತಾಯ ಖಾತೆಯಲ್ಲಿ ದುಡ್ಡಿತ್ತು, ಒಂದೇ ಸಲಕ್ಕೆ ಕೊಡಬಹುದಿತ್ತು. ಆದರೆ 4,632 ಎಂದರೆ ಗಂಡನಿಗೆ ಉತ್ತರ ಹೇಳಬೇಕಾದ ಮೊತ್ತ, ತಿಂಗಳಿಗೆ 772 ಎಂದರೆ ಹಾಲಿನ ಬಿಲ್ಲಿನೊಳಗೆ ಅಡಗಿಸಬಹುದಾದ ಮೊತ್ತ. ಸಾಲ ಮಾಡಿಯಾದರೂ ತುಪ್ಪ ಕುಡಿ ಎಂದರಂತೆ ಚಾರ್ವಾಕರು. ನಾನು ಸಾಲ ಮಾಡಿ ಎಣ್ಣೆ ಬಿಡಲು ಹೊರಟಿದ್ದೆ.

ಇಷ್ಟರ ನಡುವೆ ಪರದೆಯ ಮೇಲೆ ಗಡಿಯಾರವೊಂದು ಹಿಂದುಮುಂದಾಗಿ ಓಡುತ್ತಿತ್ತು, ಮತ್ತು ‘ಇನ್ನು 2 ಮಾತ್ರ ಉಳಿದಿವೆ’ ಎಂದು ಕೆಂಪಕ್ಷರದಲ್ಲಿ ಮಿನುಗುತ್ತಿತ್ತು. ಹೀಗೆ ಸುಳ್ಳು ಅವಸರ ಹುಟ್ಟಿಸುವುದು 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿರುವ 13 ಕುಟಿಲ ವಿನ್ಯಾಸಗಳ ಪೈಕಿ ಒಂದು. ಬೇಡ ಎನ್ನುವವರಿಗೆ ನಾಚಿಕೆಯಾಗುವಂತೆ ಮಾತು ಜೋಡಿಸುವುದು ಅದೇ ಪಟ್ಟಿಯ ಇನ್ನೊಂದು. ಹೆಚ್ಚುವರಿ ವಾರಂಟಿಯನ್ನು ನಿರಾಕರಿಸಲು ನಾನು ಒತ್ತಬೇಕಾಗಿದ್ದ ಗುಂಡಿಯ ಮೇಲೆ ‘ಬೇಡ, ನನ್ನ ವಸ್ತುವಿಗೆ ರಕ್ಷಣೆ ಅಗತ್ಯವಿಲ್ಲ’ ಎಂದು ಬರೆದಿತ್ತು. ಹೆತ್ತ ಮಗುವನ್ನು ಸಂತೆಯಲ್ಲಿ ಬಿಟ್ಟು ಬಂದಂಥ ಭಾವನೆಯಿಂದ ಅದನ್ನು ಒತ್ತಿದೆ. ಐದು ದಿನಗಳ ನಂತರ ಕುತೂಹಲಕ್ಕೆಂದು ಅದೇ ಪುಟವನ್ನು ತೆರೆದಾಗಲೂ ಎರಡೇ ಉಳಿದಿದ್ದವು. ಯಾವುದೇ ದೇವಸ್ಥಾನದ ಅಕ್ಷಯ ಪಾತ್ರೆಗೆ ಇಷ್ಟು ನಿಷ್ಠೆ ಇರಲಾರದು.

ಅಡ್ಡಿಯೊಂದು ಬಂದದ್ದು ಅತ್ತೆಯವರಿಂದ. ಆ ವರ್ಷ ಹಬ್ಬದ ಮಾರಾಟ ಆರಂಭವಾದದ್ದು ಪಿತೃಪಕ್ಷದಲ್ಲಿ, ಮಹಾಲಯ ಅಮಾವಾಸ್ಯೆ ಇನ್ನೂ ಕಳೆದಿರಲಿಲ್ಲ. ಪಕ್ಷಮಾಸದಲ್ಲಿ ಹೊಸ ವಸ್ತುವನ್ನು ಮನೆಗೆ ತರುವಂತಿಲ್ಲ. ನಾನು ಇದಕ್ಕೂ ಉತ್ತರ ಸಿದ್ಧಪಡಿಸಿದ್ದೆ: ಗುಂಡಿ ಒತ್ತಿದ್ದು ಪಕ್ಷದಲ್ಲಾದರೂ ವಸ್ತು ಹೊಸ್ತಿಲು ದಾಟುವುದು ನವರಾತ್ರಿಯಲ್ಲಿ. ಅಕ್ಟೋಬರ್ 4ರಂದು, ನವರಾತ್ರಿಯ ಎರಡನೆಯ ದಿನ, ಪೆಟ್ಟಿಗೆ ಬಂತು. ಸಾಗಣೆ ತಡವಾದದ್ದಕ್ಕೆ ಗ್ರಾಹಕರು ಸಂತೋಷಪಟ್ಟ ಅಪರೂಪದ ಪ್ರಸಂಗ ಅದು. ಪೆಟ್ಟಿಗೆಯ ಗಾತ್ರ ನೋಡಿ ಅತ್ತೆಯವರು, “ಕುಕ್ಕರಿನ ರಬ್ಬರು ಇಷ್ಟು ದೊಡ್ಡದಾ ಬರ್ತದೇನೇ?” ಎಂದು ಕೇಳಿದರು. “ಅತ್ತೆ, ಇದು ನಿಮ್ಮ ಮಗನ ಕೊಲೆಸ್ಟರಾಲಿಗೆ” ಎಂದೆ. ಆ ಕ್ಷಣದವರೆಗೆ ನನಗೂ ಅದು ಹೊಳೆದಿರಲಿಲ್ಲ. ಅದೇ ರಾತ್ರಿ ಖರ್ಚಿನ ಪುಸ್ತಕದಲ್ಲಿ ಮೊದಲನೆಯ ಕಂತನ್ನು ‘ಔಷಧೋಪಚಾರ’ ಎಂಬ ಶೀರ್ಷಿಕೆಯ ಕೆಳಗೆ ಬರೆದೆ. ಕಾರಣವೆಂಬುದು ಖರೀದಿಯ ಹಿಂದೆ ಬರುವ ವಸ್ತು, ಮುಂದೆ ಹೋಗುವುದಲ್ಲ ಎಂಬುದು ನನಗೆ ಮನದಟ್ಟಾದದ್ದು ಆಗಲೇ.

ಯಂತ್ರಕ್ಕೆ ಏಳು ದಿನಗಳೊಳಗೆ ಬದಲಾಯಿಸಿಕೊಳ್ಳುವ ಅವಕಾಶವಿತ್ತು. ಏಳನೆಯ ದಿನ ಅಕ್ಟೋಬರ್ 11, ಅಂದರೆ ಆಯುಧಪೂಜೆ. ಅತ್ತೆಯವರು ಬೆಳಿಗ್ಗೆಯೇ ಮಿಕ್ಸಿ, ಗ್ರೈಂಡರ್, ಈಳಿಗೆಮಣೆ, ಮಗನ ಸೈಕಲ್ಲು ಇವುಗಳ ಸಾಲಿನಲ್ಲಿ ಹೊಸ ಯಂತ್ರವನ್ನೂ ಇರಿಸಿ, ಅದರ ಹೊಳೆಯುವ ಕಪ್ಪು ಹಣೆಗೆ ವಿಭೂತಿಯ ಮೂರು ಗೆರೆ ಎಳೆದು, ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಹೂ ಮುಡಿಸಿದರು. ಟಚ್ ಗುಂಡಿಗಳಲ್ಲಿ ಒಂದು, ಮೀನಿನ ಚಿತ್ರವಿರುವುದು, ಸರಿಯಾಗಿ ಸ್ಪಂದಿಸುತ್ತಿರಲಿಲ್ಲ, ಬದಲಾಯಿಸಿಕೊಳ್ಳಬಹುದಿತ್ತು. ಆದರೆ ಕುಂಕುಮದ ಕಲೆ ಸೀಳುಗಳೊಳಗೆ ಇಳಿದಿದ್ದ ಯಂತ್ರವನ್ನು ‘ಬಳಸದ ಸ್ಥಿತಿಯಲ್ಲಿದೆ’ ಎಂದು ಹೇಳಿ ಕಳಿಸುವುದು ಹೇಗೆ? ನಮ್ಮದು ಮೀನು ತಿನ್ನುವ ಮನೆಯೂ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಪೂಜೆ ಮಾಡಿದ ಮೇಲೆ ಅತ್ತೆಯವರೂ ಅದನ್ನು ದಂಡವೆಂದು ಕರೆಯುವ ಹಕ್ಕನ್ನು ಕಳೆದುಕೊಂಡರು ಎಂಬುದು ನನ್ನ ಪಾಲಿನ ಲಾಭ.

ಈಗ ಯಂತ್ರದ ಗುಣದೋಷ. ಏರ್ ಫ್ರೈಯರ್ ಎಂಬ ಹೆಸರೇ ಒಂದು ಚಮತ್ಕಾರ. ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ತಲೆ ಫ್ರೆಡ್ ವಾನ್ ಡೆರ್ ವೇಯ್ ಎಂಬ ಡಚ್ ಸಂಶೋಧಕರದು. ನನ್ನದು ಆ ಕಂಪನಿಯದಲ್ಲ, ಆದರೆ ಒಳಗಿನ ವಿದ್ಯೆ ಎಲ್ಲದರದೂ ಒಂದೇ: ಮೇಲೆ ಕಾಯುವ ಸುರುಳಿ, ಅದರ ಮೇಲೊಂದು ಫ್ಯಾನು, ಕೆಳಗೆ ತೂತುಗಳುಳ್ಳ ಬುಟ್ಟಿ. ಬಿಸಿಗಾಳಿ ಬುಟ್ಟಿಯ ಸುತ್ತ ರಭಸದಿಂದ ತಿರುಗಿ ಪದಾರ್ಥದ ಮೈಯನ್ನು ಒಣಗಿಸಿ ಕಂದಾಗಿಸುತ್ತದೆ. ಅಂದರೆ ಇದು ಕರಿಯುವ ಯಂತ್ರವಲ್ಲ, ಗಾಳಿ ಬೀಸಿಕೊಂಡು ಬೇಯಿಸುವ ಪುಟ್ಟ ಒಲೆ, ಬೇಕರಿಯವರ ಓವನ್ನಿನ ತಂಗಿ. ಇದನ್ನು ‘ಚಿಕ್ಕ ಓವನ್ನು’ ಎಂದು ಕರೆದಿದ್ದರೆ ನಾನಂತೂ ಕೊಳ್ಳುತ್ತಿರಲಿಲ್ಲ.

ಬಾಣಲೆಯಲ್ಲಿ ನಡೆಯುವುದೇ ಬೇರೆ. ಕಾದ ಎಣ್ಣೆ ಗಾಳಿಗಿಂತ ಎಷ್ಟೋ ಪಟ್ಟು ವೇಗವಾಗಿ ಶಾಖವನ್ನು ದಾಟಿಸುತ್ತದೆ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಕ್ಷಣದಲ್ಲೇ ಹೊರಗಿನ ಹಿಟ್ಟು ಬಿಗಿದುಕೊಂಡು ಕವಚವಾಗುತ್ತದೆ, ಒಳಗಿನ ನೀರು ಆವಿಯಾಗಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ಗಾಳಿಗೆ ಆ ಅವಸರವಿಲ್ಲ. ಅದು ಕಾಯಿಸಿ ಗಟ್ಟಿ ಮಾಡುವಷ್ಟರಲ್ಲಿ ಹಿಟ್ಟು ಬುಟ್ಟಿಯ ತೂತುಗಳಿಂದ ತೊಟ್ಟಿಕ್ಕಿ, ತಳದಲ್ಲಿ ಕರಕಲಾಗಿ, ಮೇಲೆ ಬೋಳು ಮೆಣಸಿನಕಾಯಿಯೊಂದು ಮಾತ್ರ ಉಳಿದಿರುತ್ತದೆ. ಮೊದಲ ದಿನದ ನನ್ನ ಮೆಣಸಿನಕಾಯಿ ಬಜ್ಜಿಯನ್ನು ನೋಡಿ ಮಗಳು, ಅಮ್ಮಾ ಇದಕ್ಕೆ ಅಂಗಿ ತೊಡಿಸಲು ಮರೆತೆಯಾ ಎಂದಳು. ಸಿಲಿಕಾನ್ ತಟ್ಟೆ ಇಟ್ಟು ಇನ್ನೊಮ್ಮೆ ಪ್ರಯತ್ನಿಸಿದಾಗ ಹಿಟ್ಟು ಸೋರಲಿಲ್ಲ. ಬದಲಿಗೆ ತಟ್ಟೆಯ ತುಂಬ ಹರಡಿ, ಐದು ಮೆಣಸಿನಕಾಯಿಗಳು ಒಂದೇ ದೋಸೆಯಲ್ಲಿ ಹೂತುಹೋದವು. ಹಿಟ್ಟಿನಲ್ಲಿ ಅದ್ದುವ ಯಾವ ತಿಂಡಿಗೂ ಈ ಯಂತ್ರ ಸಲ್ಲದು.

ತನ್ನ ಆಕಾರವನ್ನು ತಾನೇ ಹಿಡಿದುಕೊಳ್ಳುವ ಹಿಟ್ಟುಗಳಿಗೆ ಸ್ವಲ್ಪ ಭವಿಷ್ಯವಿದೆ. ನಿಪ್ಪಟ್ಟು ಎಲ್ಲಕ್ಕಿಂತ ಚೆನ್ನಾಗಿ ಬಂತು: ತೆಳ್ಳಗೆ ತಟ್ಟಿ, ಎರಡೂ ಬದಿಗೆ ಎಣ್ಣೆ ಸವರಿ, 160 ಡಿಗ್ರಿಯಲ್ಲಿ ಹದಿನಾಲ್ಕು ನಿಮಿಷ ಇಟ್ಟು ನಡುವೆ ಒಮ್ಮೆ ತಿರುವಿದರೆ ಗರಿಗರಿಯಾಗಿಯೇ ಇರುತ್ತದೆ, ಕರಿದ ನಿಪ್ಪಟ್ಟಿನ ಪಕ್ಕದಲ್ಲಿ ಇಡದಿದ್ದರೆ ಯಾರೂ ದೂರುವುದಿಲ್ಲ. ಅಂಬೊಡೆ ಹೊರಗೆ ಒರಟು, ಒಳಗೆ ಮರಳು. ತಿನ್ನುವಾಗ ಪಕ್ಕದಲ್ಲಿ ನೀರಿನ ಲೋಟ ಬೇಕು. ಕೋಡುಬಳೆ ಬಿರುಕು ಬಿಟ್ಟಿತು. ಚಕ್ಕುಲಿಯ ವಿಷಯದಲ್ಲಿ ನಾನು ಬಹಳ ಹಟ ಮಾಡಿದೆ, ಬೆಣ್ಣೆಯ ಪ್ರಮಾಣವನ್ನು ಮೂರು ಸಲ ಬದಲಾಯಿಸಿದೆ. ಮೂರನೆಯ ಸಲದ ಚಕ್ಕುಲಿಯನ್ನು ಕಚ್ಚಿದ ಅತ್ತೆಯವರು ಬಾಯಿಂದ ಅದನ್ನು ಹೊರತೆಗೆದು, ತಮ್ಮ ಹಲ್ಲು ಅದರಲ್ಲಿದೆಯೇ ಎಂದು ಪರೀಕ್ಷಿಸಿದರು. ಎಣ್ಣೆ ಉಳಿಸಲು ಹೊರಟು ಬೆಣ್ಣೆ ಖರ್ಚು ಮಾಡಿದ ಲೆಕ್ಕವನ್ನು ಪುಸ್ತಕದಲ್ಲಿ ಎಲ್ಲಿಯೂ ಬರೆದಿಲ್ಲ.

ಹಲಸಿನ ಹಪ್ಪಳದ ಪ್ರಸಂಗವನ್ನು ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾಗರದ ಕಡೆಯ ನಮ್ಮ ತವರಿನಿಂದ ಪ್ರತಿ ಬೇಸಿಗೆಯಲ್ಲೂ ಹಪ್ಪಳದ ಕಟ್ಟು ಬರುತ್ತದೆ. ಹಪ್ಪಳಕ್ಕೆ ಹಿಟ್ಟು ಸೋರುವ ಭಯವಿಲ್ಲ, ಒಣಗಿಯೇ ಇರುತ್ತದೆ, ಇದೇ ತಕ್ಕ ಪದಾರ್ಥ ಎಂದುಕೊಂಡು ಎರಡನ್ನು ಬುಟ್ಟಿಯಲ್ಲಿಟ್ಟು ಗುಂಡಿ ಒತ್ತಿದೆ. ಒಳಗೆ ಪಟಪಟನೆ ಸದ್ದು, ಆಮೇಲೆ ಸುಟ್ಟ ವಾಸನೆ. ಕೈಪಿಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಹಗುರ ಪದಾರ್ಥಗಳನ್ನು ಬಿಡಿಯಾಗಿ ಇಡಬೇಡಿ ಎಂದು ಬರೆದಿದೆಯಂತೆ. ಫ್ಯಾನಿನ ಗಾಳಿಗೆ ಹಪ್ಪಳ ಎದ್ದು ಹಾರಿ ಮೇಲಿನ ಕಾದ ಸುರುಳಿಗೆ ಅಂಟಿಕೊಂಡಿತ್ತು. ಈಗ ಹಪ್ಪಳದ ಮೇಲೆ ಸ್ಟೀಲಿನ ಜಾಲರಿಯೊಂದನ್ನು ಹೇರುತ್ತೇನೆ, ಎರಡೂವರೆ ನಿಮಿಷದಲ್ಲಿ ಕೆಂಡದ ಮೇಲೆ ಸುಟ್ಟ ಹಪ್ಪಳದಂತೆಯೇ ಆಗುತ್ತದೆ, ರುಚಿಯಲ್ಲಿ ದೋಷವಿಲ್ಲ. ಇದನ್ನು ಕಂಡ ಅತ್ತೆಯವರು ಕೆಂಡವಿಲ್ಲದ ಮನೆಯಲ್ಲಿ ಗ್ಯಾಸಿನ ಉರಿಯ ಮೇಲೆ ಇಕ್ಕಳದಿಂದ ಹಿಡಿದು ಇಪ್ಪತ್ತು ಸೆಕೆಂಡಿನಲ್ಲಿ ತಾವು ಸುಟ್ಟ ಹಪ್ಪಳವನ್ನು ನನ್ನ ತಟ್ಟೆಗೆ ಹಾಕಿ, ಏನೂ ಹೇಳದೆ ಒಳಗೆ ಹೋದರು.

ಒಳ್ಳೆಯ ಮಾತನ್ನೂ ಹೇಳಬೇಕು. ಶೇಂಗಾ ಹುರಿಯಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ; ಸೌಟು ಹಿಡಿದು ನಿಲ್ಲಬೇಕಿಲ್ಲ, ಒಂದು ಕಾಳೂ ಸೀಯುವುದಿಲ್ಲ. ಹಾಗಲಕಾಯಿಯನ್ನು ಬಿಲ್ಲೆಯಾಗಿ ಹೆಚ್ಚಿ, ಉಪ್ಪು, ಖಾರ, ಒಂದು ಚಮಚ ಎಣ್ಣೆ ಸವರಿ ಇಟ್ಟರೆ ಮಕ್ಕಳೂ ತಿನ್ನುವಂತೆ ಗರಿಯಾಗುತ್ತದೆ. ಗೊಜ್ಜಿಗೆ ಬದನೆಕಾಯಿ ಸುಡಬಹುದು, ಹೊಗೆಯ ಪರಿಮಳ ಮಾತ್ರ ಸಿಗುವುದಿಲ್ಲ. ಆದರೆ ಯಂತ್ರದ ನಿಜವಾದ ಪ್ರತಿಭೆ ಬೇರೆಯೇ ಇದೆ. ನಮ್ಮ ಬೀದಿಯ ತಿರುವಿನ ಗಾಡಿಯಿಂದ ಸಂಜೆ ತಂದು ಮಿಕ್ಕ ಬೋಂಡ ರಾತ್ರಿಯ ಹೊತ್ತಿಗೆ ಮೆತ್ತಗಾಗಿ ಚಕ್ಕಳದಂತಿರುತ್ತದೆ. ಅದನ್ನು 180 ಡಿಗ್ರಿಯಲ್ಲಿ ನಾಲ್ಕು ನಿಮಿಷ ಇಟ್ಟರೆ ಈಗ ತಾನೇ ಬಾಣಲೆಯಿಂದ ಎದ್ದು ಬಂದಂತೆ ಗರಿಗೆದರುತ್ತದೆ, ತಾನು ಕುಡಿದಿದ್ದ ಎಣ್ಣೆಯಲ್ಲಿ ಒಂದಷ್ಟನ್ನು ಬುಟ್ಟಿಯ ತಳಕ್ಕೆ ಬಿಟ್ಟೂ ಕೊಡುತ್ತದೆ. ಕರಿಯುವ ಎಣ್ಣೆಯಲ್ಲಿ, ಮತ್ತೆ ಮತ್ತೆ ಕಾಯಿಸಿದಷ್ಟೂ ಹೆಚ್ಚುವ ಧ್ರುವೀಯ ಸಂಯುಕ್ತಗಳು ಶೇಕಡ 25 ದಾಟಿದರೆ ಆ ಎಣ್ಣೆಯನ್ನು ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ನಿಯಮ ಜಾರಿಗೆ ತಂದಿದ್ದರೂ, ತಳ್ಳುಗಾಡಿಯ ಬಾಣಲೆಯೊಳಗೆ ಅಳೆದು ನೋಡಿದವರನ್ನು ನಾನು ಕಂಡಿಲ್ಲ. ಗಂಡನ ಕೊಲೆಸ್ಟರಾಲಿಗಾಗಿ ಕೊಂಡ ಯಂತ್ರದಿಂದಾಗಿ ನಮ್ಮ ಮನೆಗೆ ಬೀದಿ ಬೋಂಡದ ಆಮದು ಹೆಚ್ಚಿದೆ.

ಗಾತ್ರದ ಬಗ್ಗೆ ಒಂದು ಎಚ್ಚರಿಕೆ. 4.2 ಲೀಟರು ಎಂಬುದು ಪಾತ್ರೆಯ ಹೊಟ್ಟೆಯ ಅಳತೆ, ತಿಂಡಿಯದಲ್ಲ. ಗಾಳಿ ಸುತ್ತಲೂ ಆಡಬೇಕಾದ್ದರಿಂದ ಒಂದರ ಮೇಲೊಂದು ಹೇರುವಂತಿಲ್ಲ. ಒಂದು ಸಲಕ್ಕೆ ಎಂಟು ಅಂಬೊಡೆ ಹಿಡಿದರೆ ಹೆಚ್ಚು. ನಾವು ಐದು ಜನ, ಮೂವತ್ತೆರಡು ಅಂಬೊಡೆಗೆ ನಾಲ್ಕು ಸರದಿ, ಒಂದೊಂದಕ್ಕೆ ಹದಿನೈದು ನಿಮಿಷ. ಕೊನೆಯ ಎಂಟು ಹೊರಬರುವ ಹೊತ್ತಿಗೆ ಮೊದಲಿನ ಎಂಟನ್ನು ಮತ್ತೆ ಬಿಸಿ ಮಾಡಬೇಕಾಗುತ್ತದೆ. ಅದೇ ಕೆಲಸ ಬಾಣಲೆಯಲ್ಲಿ ಇಪ್ಪತ್ತು ನಿಮಿಷದ್ದು.

ವಿದ್ಯುತ್ತಿನ ವಿಷಯದಲ್ಲಿ ನನ್ನ ಸಮರ್ಥನೆ ಸರ್ಕಾರದ ಬೆಂಬಲ ಪಡೆದಿತ್ತು. ಗೃಹಜ್ಯೋತಿ ಇದೆಯಲ್ಲ, ಕರೆಂಟು ಹೇಗೂ ಬಿಟ್ಟಿ ಎಂದುಕೊಂಡಿದ್ದೆ. ಆದರೆ ಆ ಯೋಜನೆಯಲ್ಲಿ 200 ಯೂನಿಟ್ ಎಂಬುದು ಮೇಲಿನ ಗಡಿ ಮಾತ್ರ. ನಮ್ಮ ಮನೆಯ ಪಾಲು ಹಿಂದಿನ ಸರಾಸರಿ 92 ಯೂನಿಟ್ಟಿಗೆ ಶೇಕಡ 10 ಸೇರಿಸಿದರೆ ಬರುವ 101. ಯಂತ್ರ 1,400 ವಾಟಿನದು, ಅಂಬೊಡೆಯ ಒಂದು ಸಂಜೆಗೆ ಒಂದು ಯೂನಿಟ್ಟಿಗಿಂತ ಹೆಚ್ಚು ನುಂಗುತ್ತದೆ. ನವೆಂಬರ್ ತಿಂಗಳಲ್ಲಿ 112 ತಲುಪಿ, ಬಹಳ ಕಾಲದ ಮೇಲೆ ಮೊದಲ ಬಾರಿಗೆ ಮೆಸ್ಕಾಂನವರು ನಮ್ಮಿಂದ ದುಡ್ಡು ಕೇಳಿದರು. ಸಾಲದ್ದಕ್ಕೆ ಯಂತ್ರದ ಪಿನ್ನು ದಪ್ಪದ್ದು, ಅಡುಗೆಮನೆಯ ಒಂದೇ ಪವರ್ ಪಾಯಿಂಟಿನಲ್ಲಿ ಫ್ರಿಜ್ಜು ಕೂತಿತ್ತು. ಹೊಸ ಪಾಯಿಂಟ್ ಹಾಕಿಸಲು ಎಲೆಕ್ಟ್ರಿಷಿಯನ್ನರಿಗೆ 650 ರೂಪಾಯಿ ಕೊಟ್ಟೆ, ಅದನ್ನು ‘ಮನೆ ದುರಸ್ತಿ’ ಎಂದು ಬರೆದೆ. ಸಾಲದ ಅರ್ಜಿದಾರರ ಬಗ್ಗೆ ನನಗಿದ್ದ ಹಳೆಯ ತಿರಸ್ಕಾರ ಅಂದಿನಿಂದ ಬಹಳಷ್ಟು ಕಡಿಮೆಯಾಗಿದೆ.

ಖರೀದಿಯ ರಾತ್ರಿ ನಾನು ಹಾಕಿದ್ದ ಮೂಲ ಲೆಕ್ಕ ಹೀಗಿತ್ತು: ತಿಂಗಳಿಗೆ ಎರಡು ಲೀಟರು ಎಣ್ಣೆ ಉಳಿದರೆ, ಲೀಟರಿಗೆ 140ರಂತೆ 280 ರೂಪಾಯಿ, ಹದಿನೇಳು ತಿಂಗಳಲ್ಲಿ ಯಂತ್ರ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನಾವು ತಿಂಗಳಿಗೆ ಕೊಳ್ಳುವ ಎಣ್ಣೆಯೇ ಮೂರು ಲೀಟರು. ಅದರಲ್ಲಿ ಎರಡು ಉಳಿಯಬೇಕಾದರೆ ಒಗ್ಗರಣೆಗೂ ಎಳ್ಳುನೀರು ಬಿಡಬೇಕು. ಕರಿಯಲು ಹೋಗುತ್ತಿದ್ದದ್ದು ಹೆಚ್ಚೆಂದರೆ ಅರ್ಧ ಲೀಟರು, ಎಪ್ಪತ್ತು ರೂಪಾಯಿ. ಕಂತಿನ ಶುಲ್ಕ, ಪವರ್ ಪಾಯಿಂಟು ಎಲ್ಲ ಸೇರಿ 5,554 ರೂಪಾಯಿಯಾದ ಯಂತ್ರ ಆ ದರದಲ್ಲಿ ತನ್ನ ಋಣ ತೀರಿಸಲು ಆರು ವರ್ಷ ಏಳು ತಿಂಗಳು ಬೇಕು. ಅದೂ ಅರ್ಧ ಲೀಟರು ಪೂರ್ತಿ ಉಳಿದರೆ. ವರ್ಷದ ಕೊನೆಯಲ್ಲಿ ಕಿರಾಣಿ ಅಂಗಡಿಯ ಚೀಟಿಗಳನ್ನು ಕೂಡಿಸಿ ನೋಡಿದೆ: ತಿಂಗಳಿಗೆ ಅದೇ ಮೂರು ಲೀಟರು.

ಇಷ್ಟಾದರೂ ಆ ಪುಟದಲ್ಲಿ ಈ ಯಂತ್ರಕ್ಕೆ ನನ್ನ ಹೆಸರಿನಲ್ಲಿ ಐದು ನಕ್ಷತ್ರಗಳಿವೆ. ಅದನ್ನು ಬರೆದದ್ದು ಪೆಟ್ಟಿಗೆ ಬಂದ ಎರಡನೆಯ ದಿನ, ಒಂದು ಕಾಳನ್ನೂ ಹುರಿಯುವ ಮೊದಲೇ: “ಪ್ಯಾಕಿಂಗ್ ಅತ್ಯುತ್ತಮ, ಕೊಟ್ಟ ಹಣಕ್ಕೆ ತಕ್ಕ ವಸ್ತು, ಆರೋಗ್ಯ ಕಾಳಜಿ ಇರುವವರೆಲ್ಲ ಕೊಳ್ಳಬೇಕು.” ಇದನ್ನು ಯಾರೂ ಹಣ ಕೊಟ್ಟು ಬರೆಸಲಿಲ್ಲ, ಹಣ ಕೊಟ್ಟವಳು ನಾನೇ, ಆದ್ದರಿಂದಲೇ ಬರೆದೆ. ಮನಸ್ಸಿನಲ್ಲಿ ಎರಡು ವಿರುದ್ಧ ತಿಳಿವಳಿಕೆಗಳು ಕಚ್ಚಾಡುವಾಗ ಮನುಷ್ಯ ತಾನು ಮಾಡಿದ್ದನ್ನು ಬದಲಾಯಿಸಲಾರದೆ ತಾನು ನಂಬುವುದನ್ನು ಬದಲಾಯಿಸಿಕೊಳ್ಳುತ್ತಾನೆ ಎಂದು ಲಿಯೋನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1957ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ನಮ್ಮವರು ಅದನ್ನೇ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದರು. ನನ್ನ ಐದು ನಕ್ಷತ್ರಗಳನ್ನು ಮೂವತ್ತೆಂಟು ಜನ ‘ಉಪಯುಕ್ತ’ ಎಂದು ಗುರುತಿಸಿದ್ದಾರೆ. ಆ ಮೂವತ್ತೆಂಟು ಮನೆಗಳ ಚಕ್ಕುಲಿಗಳನ್ನು ನೆನೆದರೆ ಒಮ್ಮೊಮ್ಮೆ ನಿದ್ದೆ ಬರುವುದಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಬಳಕೆ ವಾರಕ್ಕೊಮ್ಮೆಗೆ ಇಳಿದಿತ್ತು, ಆಮೇಲೆ ನಿಂತೇ ಹೋಯಿತು. ಬ್ಯಾಂಕಿನ ಭಾಷೆಯಲ್ಲಿ, ಕಂತು ಬಾಕಿಯಾಗಿ 90 ದಿನ ದಾಟಿದ ಸಾಲ ಅನುತ್ಪಾದಕ ಆಸ್ತಿಯಾಗುತ್ತದೆ. ಅತ್ತೆಯವರು ಕ್ಯಾಲೆಂಡರ್ ನೋಡುವವರಲ್ಲ, ಆದರೂ ಏಪ್ರಿಲ್ ತಿಂಗಳಲ್ಲಿ, ಎಂಬತ್ತೆಂಟನೆಯ ದಿನ, ನಾನೇ ಯಂತ್ರವನ್ನು ಕೆಳಗಿಳಿಸಿ ಧೂಳು ಒರೆಸಿ ಎರಡು ಹಿಡಿ ಶೇಂಗಾ ಹುರಿದೆ. ಯಾರಿಗೂ ಶೇಂಗಾ ಬೇಕಾಗಿರಲಿಲ್ಲ. ತೀರದ ಹಳೆಯ ಸಾಲಕ್ಕೆ ಚಿಕ್ಕದೊಂದು ಹೊಸ ಸಾಲ ಕೊಟ್ಟು ಖಾತೆಯನ್ನು ಜೀವಂತ ತೋರಿಸುವ ಈ ಉಪಾಯಕ್ಕಾಗಿ ಲೆಕ್ಕ ಪರಿಶೋಧಕರು ನಮ್ಮ ಶಾಖೆಗಳಿಗೆ ಛೀಮಾರಿ ಹಾಕುತ್ತಾರೆ. ನಮ್ಮ ಅಡುಗೆಮನೆಗೆ ಇನ್ನೂ ಅಂಥವರು ಬಂದಿಲ್ಲ.

ಹಾಗಾದರೆ ಕೊಳ್ಳಬೇಕೇ? ಒಬ್ಬರೋ ಇಬ್ಬರೋ ಇರುವ ಮನೆಗೆ, ಆಲೂಗಡ್ಡೆ, ತರಕಾರಿ, ಪನೀರು ಇವುಗಳನ್ನು ಹುರಿದು ತಿನ್ನುವವರಿಗೆ, ಗ್ಯಾಸಿನ ಒಲೆ ಇಡಲು ಬಿಡದ ಬಾಡಿಗೆ ಕೋಣೆಗಳಲ್ಲಿ ಇರುವ ಮಕ್ಕಳಿಗೆ ಇದು ಖಂಡಿತ ಉಪಯೋಗದ ಯಂತ್ರ. ತೊಳೆಯುವುದು ಸುಲಭ, ಸದ್ದು ಸಹಿಸಬಹುದು. ಬಜ್ಜಿ, ಬೋಂಡ, ಚಕ್ಕುಲಿಯ ಆಸೆಯಿಂದ ಕೊಳ್ಳುವವರು ಆ ದುಡ್ಡಿಗೆ ದಪ್ಪ ತಳದ ಕಬ್ಬಿಣದ ಬಾಣಲೆಯೊಂದನ್ನು ಕೊಂಡು, ತಿಂಗಳಿಗೆ ಎರಡು ಸಲ ಮಾತ್ರ ಅದನ್ನು ಒಲೆಗೆ ಏರಿಸುವುದು ಮೇಲು. ಯಂತ್ರಕ್ಕೆ ನನ್ನ ಲೆಕ್ಕದಲ್ಲಿ ಎರಡೂವರೆ ನಕ್ಷತ್ರ. ಪುಟದಲ್ಲಿರುವ ಐದನ್ನು ತಿದ್ದಲು ಎರಡು ಸಲ ಕೂತೆ. ಎರಡು ಸಲವೂ, ಶೇಂಗಾ ಚೆನ್ನಾಗಿ ಹುರಿಯುತ್ತದಲ್ಲ ಎಂದುಕೊಂಡು ಎದ್ದೆ.

ಭದ್ರಾವತಿಯಲ್ಲಿರುವ ನಾದಿನಿ ಕಳೆದ ಡಿಸೆಂಬರಿನಲ್ಲೇ ಫೋನು ಮಾಡಿ, “ಅತ್ತಿಗೆ, ನಿಜ ಹೇಳಿ, ತಗೊಳ್ಲಾ?” ಎಂದು ಕೇಳಿದ್ದಳು. ಪಕ್ಕದಲ್ಲಿ ಅತ್ತೆಯವರು ಕೂತಿದ್ದರು. “ಕಣ್ಣುಮುಚ್ಚಿ ತಗೋ” ಎಂದೆ, ಮತ್ತು ನಾವು ಐದು ಜನಕ್ಕೆ ಚಿಕ್ಕದಾಯಿತು, ನೀನು ದೊಡ್ಡದನ್ನೇ ತಗೋ ಎಂದೂ ಸೇರಿಸಿದೆ. ಅವಳು ಐದೂವರೆ ಲೀಟರಿನದನ್ನು ಕೊಂಡಳು. ಮೊನ್ನೆ ಮಳೆಯ ಸಂಜೆ ಅವಳ ಮನೆಗೆ ಹೋಗಿದ್ದೆವು. ಕಾಫಿಯ ಜೊತೆಗೆ ದೊಡ್ಡ ತಟ್ಟೆಯ ತುಂಬ ಮೆಣಸಿನಕಾಯಿ ಬಜ್ಜಿ ಬಂತು. ಮೈತುಂಬ ಅಂಗಿ ತೊಟ್ಟ, ಎಣ್ಣೆಯ ಬೆವರಿನಿಂದ ಹೊಳೆಯುವ ಬಜ್ಜಿ. ಅಡುಗೆಮನೆಯ ಕಟ್ಟೆಯ ಮೇಲೆ ಬಾಣಲೆ ಮಾತ್ರ ಕಾಣುತ್ತಿತ್ತು. ಯಂತ್ರ ಎಲ್ಲಿ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ; ನಾನು ಆರು ಬಜ್ಜಿ ತಿಂದೆ.